ಮೂರನೇ ಹಾಸಿಗೆಯ ಸಾಕ್ಷಿ

ಮೊದಲು ಕೈಕೊಟ್ಟದ್ದು ನಮ್ಮ ಯಜಮಾನರ ಚಪ್ಪಲಿ. ಬೆಳಿಗ್ಗೆ ಕಾಲಿಗೆ ಸರಿಯಾಗಿ ಹೊಂದುತ್ತಿದ್ದವು, ಸಂಜೆಗೆ ಪಾದ ಉಬ್ಬಿ ಒಳಗೆ ಹೋಗುತ್ತಿರಲಿಲ್ಲ. ಪಟ್ಟಿಯ ಗುರುತು ಚರ್ಮದ ಮೇಲೆ ಬಹಳ ಹೊತ್ತು ಉಳಿಯುತ್ತಿತ್ತು. ದಿನವಿಡೀ ಹೊಲಿಗೆ ಮಷಿನ್ ತುಳಿಯುವ ಮನುಷ್ಯ, ಅದಕ್ಕೇ ಇರಬೇಕು ಎಂದುಕೊಂಡೆ. ಬಿಸಿನೀರಿಗೆ ಉಪ್ಪು ಹಾಕಿ ಕಾಲು ನೆನೆಸಿದೆ. ಎರಡು ತಿಂಗಳು ಹಾಗೇ ನೆನೆಸಿದೆ.

ಆಮೇಲೆ ಹುಬ್ಬಳ್ಳಿ. ರಕ್ತ, ಸ್ಕ್ಯಾನ್, ಮತ್ತೆ ರಕ್ತ.

"ಎರಡೂ ಕಿಡ್ನಿ ಕೆಲಸಾ ಬಿಟ್ಟಾವ್ರಿ ಅಮ್ಮಾರ," ಎಂದರು ಡಾಕ್ಟರ್. ಇವರು ಅವರ ಬಿಳಿ ಕೋಟಿನ ಹರಿದ ಕಾಜಾ ನೋಡುತ್ತ ಕುಳಿತಿದ್ದರು.

ವಾರಕ್ಕೆ ಮೂರು ಡಯಾಲಿಸಿಸ್.

ನಮ್ಮೂರು ಗುಡಗೇರಿಯಿಂದ ಹುಬ್ಬಳ್ಳಿಗೆ ಬೆಳಗಿನ ರೈಲು. ನಾಲ್ಕು ತಾಸು ಮಷಿನ್. ಮರಳುವಾಗ ಇವರು ಪ್ಲಾಟ್‌ಫಾರ್ಮಿನಲ್ಲಿ ಕುಸಿದು ಕುಳಿತರೆ ಏಳಿಸುವುದೇ ಕಷ್ಟ. ದಿನಕ್ಕೆ ಇಷ್ಟೇ ನೀರು ಎಂದು ಅಳತೆ. ಅವರ ಮುಂದೆ ನಾನೂ ನೀರು ಕುಡಿಯುವುದನ್ನು ಬಿಟ್ಟೆ. ಹಿತ್ತಿಲಿಗೆ ಹೋಗಿ ಕಳ್ಳಿಯಂತೆ ಕುಡಿಯುತ್ತಿದ್ದೆ.

ನಾಲ್ಕನೇ ತಿಂಗಳಿಗೆ ಇವರು ಸೋತರು.

"ಇನ್ನ ನಾ ಬರೂದಿಲ್ಲ. ದೇವರು ಆರಿಸ್ಕೊಂಡಿದ್ರ ಉಳಿಸ್ತಾನ, ಇಲ್ಲಂದ್ರ ಕರ್ಕೋತಾನ. ಎಲ್ಲಾ ಮೊದಲ ನಿಶ್ಚಯ ಆಗೇತಿ."

"ದೇವರು ನಿಶ್ಚಯ ಮಾಡ್ಯಾನಂತ ಅಂಗಡ್ಯಾಗ ಬಟ್ಟಿ ತಾವ ಹೊಲಕೋತಾವೇನ್ರಿ?" ಎಂದೆ. ನಕ್ಕರು. ಆದರೆ ಮಾತು ಹಿಂದೆಗೆದುಕೊಳ್ಳಲಿಲ್ಲ. ಡಯಾಲಿಸಿಸ್ ಬಿಟ್ಟರೆ ಹೆಚ್ಚೆಂದರೆ ಎರಡು ವಾರ ಎಂದು ಡಾಕ್ಟರ್ ನನಗೆ ಹೇಳಿದ್ದರು.

ಕುಂದಗೋಳದ ತಾಲೂಕು ಆಸ್ಪತ್ರೆಯಲ್ಲೂ ಡಯಾಲಿಸಿಸ್ ಇತ್ತು. ಹಾಸಿಗೆ ಮಾತ್ರ ಕಡಿಮೆ. ಇವರು ಸೋಲುವ ಮೊದಲೇ ಹೆಸರು ಬರೆಸಿ ಬಂದಿದ್ದೆವು. "ಜಾಗಾ ಆದ್ರ ಫೋನ್ ಮಾಡ್ತೀವ್ರಿ," ಎಂದಿದ್ದರು ನರ್ಸ್. ಜಾಗ ಹೇಗೆ ಆಗುತ್ತದೆ ಎಂದು ನಾನು ಕೇಳಲಿಲ್ಲ. ನಮ್ಮ ಚರ್ಚಿನ ಸಣ್ಣ ಸಭೆಯವರೆಲ್ಲ ಆಗಿನಿಂದಲೇ ಮೂರು ಶುಕ್ರವಾರ ಉಪವಾಸವಿದ್ದು, ಆ ಹಾಸಿಗೆಗೆ ಇವರನ್ನೇ ಆರಿಸು ಸ್ವಾಮಿ ಎಂದು ಬೇಡಿದರು. ನಾನೂ ಬೇಡಿದೆ. ನಾನು ಓದಿದ ಕಾನ್ವೆಂಟಿನ ಸಿಸ್ಟರುಗಳು ಪ್ರಾರ್ಥನೆಯಲ್ಲಿ ದನಿ ಎತ್ತಬಾರದೆಂದು ಕಲಿಸಿದ್ದರು. ಅದನ್ನೂ ಮರೆತು ಬೇಡಿದೆ.

ಇವರು ಬರುವುದಿಲ್ಲವೆಂದ ಮೂರನೇ ದಿನ ಫೋನ್ ಬಂತು.

ಅತ್ತೆ ಓಣಿಗೆಲ್ಲ ಸಕ್ಕರೆ ಹಂಚಿದರು. ಪ್ರಾರ್ಥನೆಗೆ ಉತ್ತರ ಸಿಕ್ಕವರು ಭಾನುವಾರ ಎದ್ದು ನಿಂತು ಸಾಕ್ಷಿ ಹೇಳಬೇಕು, ಅದು ನಮ್ಮ ಸಭೆಯ ಪದ್ಧತಿ. ನನ್ನ ಹೆಸರು ಆಗಲೇ ಬರೆದುಕೊಂಡಿದ್ದರು. ಇವರು ಮಾತ್ರ, "ಅವ್ವನ ಸಲುವಾಗಿ ನಾಕ ದಿನಾ ಹೋಗೂಣು. ಆಮ್ಯಾಲ ನೋಡೂಣು," ಎಂದರು.

ಬುಧವಾರ, ಕುಂದಗೋಳದಲ್ಲಿ ಎರಡನೇ ಸರತಿಯ ಡಯಾಲಿಸಿಸ್. ಅತ್ತೆಯೂ ಜೊತೆಗೆ ಬಂದಿದ್ದರು. ಇವರು ಮೂರನೇ ಹಾಸಿಗೆಯಲ್ಲಿದ್ದರು. ಫೈಲಿನ ಝೆರಾಕ್ಸಿಗಾಗಿ ಬಂದ ಹೆಂಗಸೊಬ್ಬಳು ಬಾಗಿಲಲ್ಲೇ ನಿಂತಳು. ಹಣೆ ಖಾಲಿ. ಕೈಗೆ ಬಳೆಯ ಗೀರುಗಳಿದ್ದವು, ಬಳೆ ಇರಲಿಲ್ಲ.

"ಇದು ನಮ್ಮಾವ್ರ ಹಾಸಿಗಿರಿ," ಎಂದಳು.

ಅವಳು ಯಲ್ಲವ್ವ. ಗಂಡ ಫಕ್ಕೀರಪ್ಪ, ಕುರಿ ಕಾಯುವವ, ಹೋದ ವಾರ ತೀರಿಕೊಂಡಿದ್ದ.

ಅತ್ತೆಗೆ ಸಂಕಟವಾಗಿರಬೇಕು, ಬಾಯಿಗೆ ಬಂದದ್ದು ಮಾತ್ರ ಅಭ್ಯಾಸದ ಮಾತು. "ದೇವರು ಆರಿಸಿ ನಮಗ ಕೊಟ್ಟಾನ ನೋಡವ್ವಾ."

"ಹಂಗಾರ ನಮ್ಮಾವ್ರನ್ನ ಆರಿಸಿ ತಗದ ಹಾಕಿದನೇನ್ರಿ, ಆಯೀ?"

ದನಿ ಏರಿಸಲಿಲ್ಲ. ನಿಜವಾಗಿ ತಿಳಿಯಬೇಕೆಂಬಂತೆ ಕೇಳಿದಳು.  ಅಷ್ಟರಲ್ಲಿ ಮೀನಖಂಡ ಸೆಟೆದು ಇವರು ನರಳಿದರು. ನಾನು ಕಾಲು ತಿಕ್ಕತೊಡಗಿದೆ.

"ಹಂಗಲ್ರಿ ಅಕ್ಕಾರ. ಹೆಬ್ಬೆರಳ ಹಿಡದು ಮ್ಯಾಲಕ ಒತ್ರಿ." ನನ್ನ ಕೈ ಸರಿಸಿ ತಾನೇ ಒತ್ತಿದಳು. ನೋವು ಇಳಿಯಿತು. ಕಾಗದ ತೆಗೆದುಕೊಂಡು ಬಸ್ಸಿಗೆ ಹೊರಟುಹೋದಳು.

ಶನಿವಾರ ಸಂಜೆ ಸಭೆಯ ಪಾದ್ರಿ ಅಯ್ಯನವರ ಮನೆಗೆ ಹೋದೆ. ನಮ್ಮ ಒಳ್ಳೆಯತನ ನೋಡಿ ದೇವರು ಆರಿಸುವುದಿಲ್ಲ ಎಂದು ಚಿಕ್ಕಂದಿನಿಂದ ಕೇಳಿದವಳು ನಾನು. ಆದರೂ ಒಳಗೊಳಗೇ ಆ ಹಾಸಿಗೆಯನ್ನೊಂದು ಬಹುಮಾನದಂತೆ ಇಟ್ಟುಕೊಂಡಿದ್ದೆ. ಚರ್ಚಿನ ಮೇಜಿನ ಬಟ್ಟೆಗೆ ಕಸೂತಿ ಹಾಕಿದ ಕೈಗಳಿಗೆ, ತಪ್ಪದೆ ಪ್ರಾರ್ಥಿಸಿದ ಬಾಯಿಗೆ ಸಿಕ್ಕ ಬಹುಮಾನ. ಯಲ್ಲವ್ವ ಕೇಳಿದ್ದನ್ನು ಅಯ್ಯನವರಿಗೆ ಹೇಳಿದೆ.

ಅವರು ಕನ್ನಡಕ ಒರೆಸಿ ಹಾಕಿಕೊಂಡರು. "ಆರಿಸೂದು ಆತನ ಕೆಲಸ, ತಂಗೀ. ಯಾಕಂತ ನನಗೂ ತಿಳಿಸಿಲ್ಲ. ಆದ್ರ ಒಬ್ಬನ್ನ ಹಿಡಕೊಂಡಾನಂದ್ರ ಇನ್ನೊಬ್ಬನ್ನ ಬಿಟ್ಟಾನಂತ ನಾವು ಹೇಳಬಾರದು. ಆರಿಸ್ಕೊಂಡಾವ್ರಿಗೆ ಜಂಬ ಅಲ್ಲ, ಕೆಲಸಾ ಹೆಚ್ಚು."

ಭಾನುವಾರ ಎದ್ದು ನಿಂತೆ. ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಿದ್ದೆ.

"ನಮಗ ಹಾಸಿಗಿ ಸಿಕ್ಕೇತಿ. ದೇವರಿಗೆ ಸ್ತೋತ್ರ. ಮೊದಲ ಅದರ ಮ್ಯಾಲ ಫಕ್ಕೀರಪ್ಪ ಅನ್ನಾವ್ರು ಮಲಗತಿದ್ರು. ಅವರು ತೀರಿಕೊಂಡ್ರು. ನಾವು ಬೇಡಿದ ಜಾಗಾ ಹಂಗ ಖಾಲಿ ಆತು. ಅವರ ಹೆಂಡತಿ ಯಲ್ಲವ್ವನ ಸಲುವಾಗಿ ಪ್ರಾರ್ಥನಾ ಮಾಡ್ರಿ."

ಹಲ್ಲೆಲೂಯಾ ಎನ್ನಲು ಬಾಯಿ ತೆರೆದವರು ಹಾಗೇ ಮುಚ್ಚಿದರು.

ಅತ್ತೆ ನನ್ನ ಸೀರೆ ಜಗ್ಗಿದರು. "ಇಷ್ಟ ಹೇಳಾಕ ಎದ್ದ್ಯಾ? ಸಾಕ್ಷಿ ಕೆಡಿಸಿದಿ ನೋಡು."

ಗಂಡಸರ ಸಾಲಿನಲ್ಲಿ ಇವರು ಮುಂದಿನ ಬೆಂಚು ಹಿಡಿದು ಮೆಲ್ಲಗೆ ಎದ್ದರು. ಸಭೆಯಲ್ಲಿ ಎಂದೂ ಮಾತಾಡಿದವರಲ್ಲ.

"ಸತ್ತವರ ಜಾಗಾದಾಗ ಮಲಗೀನಿ," ಎಂದರು. "ಇನ್ನ ಡಯಾಲಿಸಿಸ್ ತಪ್ಪಿಸಾಕ ಬರೂದಿಲ್ಲ."

ಈಗ ಏಳು ತಿಂಗಳಾಯಿತು. ಹೊಸ ಕಿಡ್ನಿಯ ಮಾತಿಲ್ಲ. ನನ್ನ ದಣಿವು ಹಾಗೇ ಇದೆ. ಕೆಲವು ದಿನ ಪ್ರಾರ್ಥನೆಗೆ ಕುಳಿತರೆ ನಿದ್ದೆ ಬರುತ್ತದೆ, ಅದನ್ನು ದೇವರು ತಪ್ಪೆಂದು ಲೆಕ್ಕಕ್ಕೆ ಹಿಡಿಯಲಾರ ಎಂದುಕೊಂಡಿದ್ದೇನೆ. ಇವರು ಒಂದು ಸರತಿಯನ್ನೂ ತಪ್ಪಿಸಿಲ್ಲ.  ಸಂತೆಯಲ್ಲಿ ಸಿಕ್ಕಾಗ ಯಲ್ಲವ್ವ ಬುಟ್ಟಿ ಇಳಿಸಿ ನಿಲ್ಲುತ್ತಾಳೆ.

"ಹೆಂಗದಾರ್ರಿ ನಿಮ್ಮಾವ್ರು?"

"ಅದಾರವ್ವಾ," ಎನ್ನುತ್ತೇನೆ.