ಮೂರನೇ ಪ್ಲಗ್

ಶರಣಪ್ಪ, ನೀನು ನನ್ನ ಕಾರಿನ ಪೆಟ್ರೋಲಿಗೆ ಸೀಮೆಎಣ್ಣೆ ಬೆರೆಸಿರಲಿಲ್ಲ. ಇದು ನನಗೆ ಗೊತ್ತಿತ್ತು. ನಿನ್ನನ್ನು ಕೆಲಸದಿಂದ ತೆಗೆದ ಎಂಟನೆಯ ದಿನವೇ ಗೊತ್ತಾಯಿತು — ಆಮೇಲೂ ನಾನು ಬಾಯಿ ಬಿಡಲಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ಕಲ್ಯಾಣದಲ್ಲಿ ನನ್ನ ಹೋಟೆಲು. ಅಲ್ಲಿಂದ ದಿನವೂ ಮಧ್ಯಾಹ್ನದ ಊಟವನ್ನು ಹಳೆಯ ಕಾರೊಂದರಲ್ಲಿ ತುಂಬಿಕೊಂಡು ನೀನು ನವಿ ಮುಂಬೈಯ ಕಾರ್ಖಾನೆಗಳಿಗೆ ಒಯ್ಯುತ್ತಿದ್ದೆ. ನೀನು ಬಿಜಾಪುರದ ಕಡೆಯವನು, ಕಳವಾ ಎಂಬಲ್ಲಿ ಒಂದು ಕೋಣೆಯಲ್ಲಿ ಹೆಂಡತಿಯೊಂದಿಗೆ ಇದ್ದವನು. ನಾಲ್ಕು ವರ್ಷದಲ್ಲಿ ಒಂದು ದಿನವೂ ಸಾರು ಚೆಲ್ಲಿದವನಲ್ಲ. ಆದರೂ ನಾನು ನಿನ್ನನ್ನು ಪೂರ್ತಿ ನಂಬಿರಲಿಲ್ಲ. ನಾನು ಯಾರನ್ನೂ ನಂಬುತ್ತಿರಲಿಲ್ಲ — ಹಾಲಿನವನು ಕ್ಯಾನು ಇಳಿಸಿದರೆ ಬೆರಳದ್ದಿ ನೋಡುವ ಜಾತಿ ನನ್ನದು. ಅದನ್ನೇ ಜಾಣತನ ಎಂದುಕೊಂಡಿದ್ದೆ.

ನವರಾತ್ರಿ ಕಳೆದು ವಾರವಾಗಿರಬಹುದು, ಕಾರು ಮಿಸ್ಸಿಂಗ್ ಹೊಡೆಯಲು ಶುರು ಮಾಡಿತು. ಸಮತಟ್ಟಿನಲ್ಲಿ ಹೇಗೋ ಓಡುತ್ತಿತ್ತು. ಶಿಳ್‌ಫಾಟಾ ದಾಟಿ ಮಹಾಪೆಯ ಏರು ಬಂದರೆ ಸಾಕು, ಕೆಮ್ಮಿ ಕೆಮ್ಮಿ ನಿಂತೇಬಿಡುವಂತಾಗುತ್ತಿತ್ತು. ಊಟ ಅರ್ಧ ಗಂಟೆ ತಡ, ಮುಕ್ಕಾಲು ಗಂಟೆ ತಡ. ಕಾರ್ಖಾನೆಯವರ ಬೈಗುಳ ನನ್ನ ಕಿವಿಗೆ. ಅದೇ ದಿನಗಳಲ್ಲಿ ಒಮ್ಮೆ ಡಿಕ್ಕಿ ತೆರೆದಾಗ ಸೀಮೆಎಣ್ಣೆಯ ವಾಸನೆ ಗಪ್ಪನೆ ಬಂತು. ಮೂಲೆಯಲ್ಲಿ ಒಂದು ಕ್ಯಾನು. ರೇಷನ್ನಿಂದ ಮನೆಗೆ ಒಯ್ಯುತ್ತಿದ್ದೇನೆ ಎಂದೆ ನೀನು. ನಾನು ಹೂಂ ಎಂದೆ. ಒಳಗೆ ಮಾತ್ರ ಬೇರೆಯೇ ಲೆಕ್ಕ ಹಾಕಿಯಾಗಿತ್ತು — ಇವನು ಪೆಟ್ರೋಲು ತೆಗೆದು ಮಾರುತ್ತಾನೆ, ಕಡಿಮೆಯಾದಷ್ಟಕ್ಕೆ ಇದನ್ನು ಸುರಿಯುತ್ತಾನೆ.

ಆಮೇಲೆ ನಾನು ಮಾಡಿದ್ದೆಲ್ಲ ಹೇಳಿದರೆ ನನಗೇ ಅಸಹ್ಯ. ನೀನು ಊಟಕ್ಕೆ ಕೂತಾಗ ಟ್ಯಾಂಕಿನ ಮುಚ್ಚಳ ತೆಗೆದು ಮೂಸಿದೆ. ನಿನ್ನ ಕೈ ಒರೆಸುವ ಬಟ್ಟೆಯನ್ನೂ ಮೂಸಿದೆ. ಒಂದು ದಿನ ರಿಕ್ಷಾ ಮಾಡಿಕೊಂಡು ನಿನ್ನ ಹಿಂದೆಯೇ ಶಿಳ್‌ಫಾಟಾದವರೆಗೆ ಬಂದೆ. ನೀನು ಎಲ್ಲೂ ನಿಲ್ಲಿಸಲಿಲ್ಲ. ನನ್ನನ್ನು ಕನ್ನಡಿಯಲ್ಲಿ ನೋಡಿರಬೇಕು, ಅದಕ್ಕೇ ನಿಲ್ಲಿಸಲಿಲ್ಲ ಎಂದುಕೊಂಡೆ! ಅನುಮಾನಕ್ಕೆ ಬೇಡದ ಸಾಕ್ಷಿಯೇ ಇಲ್ಲ ನೋಡು.

ಕೊನೆಗೆ ಹೋಟೆಲಿನ ಹಿಂದೆ, ಕೆಲಸದವರೆಲ್ಲರ ಎದುರು ನಿನ್ನನ್ನು ನಿಲ್ಲಿಸಿ ಕೇಳಿದೆ. ನೀನು ಕೂಗಾಡಲಿಲ್ಲ. ಬಾನೆಟ್ ಎತ್ತಿ ಎಂಜಿನ್ ಚಾಲೂ ಇಟ್ಟು, ಬಟ್ಟೆ ಸುತ್ತಿದ ಕೈಯಿಂದ ಪ್ಲಗ್‌ಗಳ ವೈರನ್ನು ಒಂದೊಂದಾಗಿ ಕಿತ್ತು, ಮತ್ತೆ ಸಿಕ್ಕಿಸಿ ತೋರಿಸಿದೆ. ಒಂದನೆಯದು ಕಿತ್ತಾಗ ಎಂಜಿನ್ ನಡುಗಿತು. ಎರಡನೆಯದು, ನಾಲ್ಕನೆಯದು ಕಿತ್ತಾಗಲೂ ನಡುಗಿತು. ಮೂರನೆಯದು ಕಿತ್ತಾಗ ಏನೂ ಆಗಲಿಲ್ಲ. ಅಂದರೆ ಆ ಸಿಲಿಂಡರು ಮೊದಲೇ ಸತ್ತಿತ್ತು.

“ಸಾಹೇಬ್ರ, ಪೆಟ್ರೋಲ್ ಕೆಟ್ಟಿದ್ರ ನಾಕಕ್ಕೂ ಕೆಡಬೇಕಲ್ರಿ. ಮೂರನೇದ್ದಕ್ಕಷ್ಟ ಯಾಕ ಕೆಡ್ತದ? ಪ್ಲಗ್ ಹೊಸಾದು ಹಾಕೀನಿ. ಕರೆಂಟ್ ಅಲ್ಲಿಗೆ ಮುಟ್ಟವಲ್ದು. ಒಮ್ಮೆ ಮೇಸ್ತ್ರಿಗೆ ತೋರಸ್ರಿ.”

ಎಷ್ಟು ಸರಿಯಾದ ಮಾತು. ಆದರೆ ನನಗೆ ಕೇಳಿಸಿದ್ದು ಕಳ್ಳನ ಚಾಲಾಕಿತನ — ಇಷ್ಟು ತಿಳಿದವನು ಏನು ಮಾಡಲಿಕ್ಕಿಲ್ಲ!

“ನನಗೆ ಪಾಠ ಹೇಳ್ಲಿಕ್ಕೆ ಬರ್ಬೇಡ ಮಾರಾಯ. ನಾಳೆಯಿಂದ ನೀನು ಬರೂದು ಬೇಡ.”

ಅಷ್ಟಕ್ಕೇ ನಿಲ್ಲಿಸಿದ್ದರೂ — ಇಲ್ಲ, ನಿಲ್ಲಿಸಲಿಲ್ಲ. ಶನಿವಾರದ ಭಜನೆಗೆ ಠಾಣೆ, ಡೊಂಬಿವಲಿಯ ನಮ್ಮ ಕಡೆಯ ಹೋಟೆಲ್ ಮಾಲೀಕರೆಲ್ಲ ಸೇರುತ್ತಿದ್ದರು. ಆರತಿ ಮುಗಿದು ಪ್ರಸಾದ ತಿನ್ನುತ್ತಲೇ ನಿನ್ನ ಹೆಸರು ಹೇಳಿದೆ. ನಮ್ಮಲ್ಲಿ ಡ್ರೈವರನ್ನು ಇಟ್ಟುಕೊಳ್ಳುವ ಮೊದಲು ಹಿಂದಿನ ಧಣಿಯನ್ನು ಒಂದು ಮಾತು ಕೇಳುವುದು ರೂಢಿ. ಆ ಸಂಜೆಗೆ ನಿನ್ನ ಪಾಲಿನ ಅಷ್ಟೂ ಬಾಗಿಲು ಮುಚ್ಚಿದವು.

ಎಂಟನೆಯ ದಿನ ವಿಠ್ಠಲವಾಡಿಯ ಗಣಪತ್ ಮೇಸ್ತ್ರಿಯ ಬಳಿ ಕಾರು ಒಯ್ದೆ. ನಾಲ್ಕೂ ಪ್ಲಗ್‌ಗೆ ಕರೆಂಟು ಹಂಚುವ ಕಪ್ಪು ಮುಚ್ಚಳವನ್ನು ಅವನು ಬಿಚ್ಚಿ, ಬೆಳಕಿಗೆ ಹಿಡಿದು ನಕ್ಕ. ಒಳಗೆ ಒಂದು ಕೆಂಪು ಬೊಟ್ಟು. ಬೊಟ್ಟಿನಿಂದ ಮೂರನೆಯ ತುದಿಯವರೆಗೆ ಸುಟ್ಟ ಗೆರೆ. ಕರೆಂಟು ಪ್ಲಗ್‌ಗೆ ಹೋಗದೆ ಆ ಗೆರೆ ಹಿಡಿದು ಸೋರುತ್ತಿತ್ತು.

“ಶೇಟ್, ಇಧರ್ ಕುಂಕು ಕಿಸ್ನೆ ಲಗಾಯಾ?” ಇಲ್ಲಿ ಕುಂಕುಮ ಹಚ್ಚಿದ್ದು ಯಾರು ಎಂದು ಕೇಳಿದ.

ನಾನು. ಆಯುಧಪೂಜೆಯ ದಿನ ನೀನು ಗೊಂಡೆ ಹೂವು ತರಲು ಹೋಗಿದ್ದಾಗ, ಸ್ಟೇರಿಂಗಿಗೆ, ಚಕ್ರಕ್ಕೆ, ಎಂಜಿನ್ನಿಗೆ ಬೊಟ್ಟಿಟ್ಟೆ. ಸಾಲದೆಂದು ಆ ಮುಚ್ಚಳದ ಎರಡು ಕ್ಲಿಪ್ ಬಿಚ್ಚಿ, ಗಾಡಿಯ ಜೀವ ಇರುವುದು ಇಲ್ಲೇ ಅಲ್ಲವೇ ಎಂದು ನೀರಿನಲ್ಲಿ ಕಲೆಸಿದ ಕುಂಕುಮವನ್ನು ಒಳಗೂ ಹಚ್ಚಿದೆ. ಈ ಕೈಯಿಂದಲೇ, ಭಕ್ತಿಯಿಂದಲೇ.

ಮೇಸ್ತ್ರಿ ಉತ್ತರಕ್ಕಾಗಿ ನನ್ನ ಮುಖ ನೋಡುತ್ತಿದ್ದ.

“ಪುರಾನಾ ಡ್ರೈವರ್,” ಎಂದೆ. ಹಳೆಯ ಡ್ರೈವರ್, ಅಂದರೆ ನೀನು.

ಹೊಸ ಮುಚ್ಚಳ ಹಾಕಿದ. ಮಹಾಪೆಯ ಏರನ್ನು ಕಾರು ಸರಾಗವಾಗಿ ಹತ್ತಿತು. ಕಲ್ಯಾಣದಿಂದ ಕಳವಾಕ್ಕೆ ಲೋಕಲ್‌ನಲ್ಲಿ ಎಷ್ಟು ಹೊತ್ತಿನ ದಾರಿ? ಅಂದೇ ಬಂದು ನಿನ್ನ ಕೈ ಹಿಡಿಯಬಹುದಿತ್ತು. ಬರಲಿಲ್ಲ. ಧಣಿಯಾದವನು ತಪ್ಪು ಒಪ್ಪಿದರೆ ಕೆಲಸದವರು ತಲೆ ಮೇಲೆ ಕೂರುತ್ತಾರೆ ಎಂದೋ ಏನೋ — ಬಿಡು, ಕಾರಣ ಹೇಳಿ ತಪ್ಪಿಸಿಕೊಳ್ಳುವುದು ಬೇಡ.

ಮರುವರ್ಷ ಕಲ್ಯಾಣದ ಮಾರ್ಕೆಟ್ಟಿನಲ್ಲಿ ನೀನು ಈರುಳ್ಳಿ ಚೀಲ ಹೊತ್ತು ಎದುರಿಗೇ ಬಂದೆ. ನಾನು ಪಕ್ಕಕ್ಕೆ ಸರಿಯುವಷ್ಟರಲ್ಲಿ ನೀನು ಚೀಲ ಇಳಿಸಿ, ಬೆವರು ಒರೆಸಿಕೊಂಡು ಕೇಳಿದೆ: “ಗಾಡಿ ಈಗ ಚಲೋ ಓಡ್ತದೇನ್ರಿ ಸಾಹೇಬ್ರ? ಏನಾಗಿತ್ರಿ ಅದಕ್ಕ?” ನಿನ್ನ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ನಿನಗೆ ನಿಜಕ್ಕೂ ತಿಳಿದುಕೊಳ್ಳಬೇಕಿತ್ತು. ಪೆಟ್ರೋಲ್ ಬಂಕ್ ಬದಲಾಯಿಸಿದೆ, ಸರಿಯಾಯಿತು ಎಂದೆ ನಾನು. ನೀನು ಮತ್ತೆ ಚೀಲ ಎತ್ತಿಕೊಂಡೆ. ಅದೇ ಕೊನೆ. ಆಮೇಲೆ ಕಳವಾಕ್ಕೆ ಹೋಗಿ ಕೇಳಿದಾಗ ಕೋಣೆ ಬಿಟ್ಟು ಹೋದರು ಎಂದರು, ಎಲ್ಲಿಗೆಂದು ಯಾರಿಗೂ ತಿಳಿದಿರಲಿಲ್ಲ.

ಆ ಭಜನೆಯಲ್ಲಿದ್ದವರಲ್ಲಿ ಈಗ ಮೂವರು ಉಳಿದಿದ್ದಾರೆ. ಕಳೆದ ಶನಿವಾರ ಅವರ ಮುಂದೆ ಎದ್ದು ನಿಂತು ಎಲ್ಲವನ್ನೂ ಹೇಳಿದೆ. ಒಬ್ಬರು ಪ್ರಸಾದದ ದೊನ್ನೆಯಿಂದ ತಲೆ ಎತ್ತಿ ಕೇಳಿದರು:

“ಯಾವ ಶರಣಪ್ಪ ಮಾರಾಯ್ರೇ?”