ಶೈಲಾಳ ನೀಲಿ

ಶೈಲಾಳ ಬಲಗೈ ಹೆಬ್ಬೆರಳಿನ ಉಗುರಲ್ಲಿ ಸದಾ ಒಂದಿಷ್ಟು ನೀಲಿ ಬಣ್ಣ ಇರುತ್ತಿತ್ತು. ಊಟಕ್ಕೆ ಕೂತರೂ ಅದು ಹೋಗುತ್ತಿರಲಿಲ್ಲ. ದಾವಣಗೆರೆಯಲ್ಲಿ ನಾವಿಬ್ಬರೂ ಚಿತ್ರಕಲೆ ಓದುವಾಗ ಅವಳದು ಒಂದೇ ಹಟ: ಬೀದರಿನ ಹಳೆಯ ಮದ್ರಸಾದ ಗೋಡೆಯ ಮೇಲಿನ ನೀಲಿ ಪಿಂಗಾಣಿ ಬಿಲ್ಲೆಗಳು.

"ಫೋನಾಗೆ ಒಂದೊಂದು ಫೋಟೋದಾಗೆ ಒಂದೊಂದು ನೀಲಿ ಐತೆ, ಯಾವುದನ್ನ ನಂಬ್ಲಿ?" ಅನ್ನುತ್ತಿದ್ದಳು. "ಮದ್ರಸಾ, ಗುರುದ್ವಾರ, ಶರಣರ ಗವಿ ಎಲ್ಲ ಒಂದೇ ಜಿಲ್ಲೆದಾಗೆ ಅದಾವೆ. ಎಲ್ಲಿಂದಲೋ ಬಂದ ಬಣ್ಣ ನಮ್ಮ ಬಿಸಿಲಾಗೆ ಹೆಂಗೆ ಉಳೀತು, ಅಲ್ಲೇ ನಿಂತು ನೋಡ್ಬೇಕು."

ನೋಡುವುದಕ್ಕೆ ಬಿಡಬೇಕಲ್ಲ. ಅವಳಪ್ಪನಿಗೆ ಮಂಡಿಪೇಟೆಯಲ್ಲಿ ಮೆಣಸಿನಕಾಯಿ ವ್ಯಾಪಾರ. ಕಾಲೇಜಿನಿಂದ ಬೀದರಿಗೆ ಪ್ರವಾಸ ಹೊರಟಾಗ ಅವರು ಹೇಳಿದ್ದು ಇಷ್ಟೇ: "ಊರಾಚೆ ಬಾತಿ ಹಳ್ಳಿ ದಾಟೋದಾದ್ರೆ ಗಂಡನ ಜೊತಿ ದಾಟವ್ವ." ಓದು ಮುಗಿದ ಮೇಲೆ ಹಾಗೆಯೇ ದಾಟಿದಳು, ಹರಿಹರಕ್ಕೆ ಸೊಸೆಯಾಗಿ. ಬಾತಿಯಿಂದ ಇನ್ನೊಂದು ಹೆಜ್ಜೆ ಅಷ್ಟೇ. "ಅಪ್ಪ ಸುಳ್ಳಾಡ್ಲಿಲ್ಲ ಬಿಡು" ಎಂದು ನಕ್ಕಳು.

ಕೆಲವು ವರ್ಷಗಳ ಹಿಂದೆ ನಾನೇ ಬೀದರಿಗೆ ಹೊರಟೆ. ಅವಳು ಒಂದು ಕಾಗದದ ಪಟ್ಟಿ ಕೊಟ್ಟಳು. ಅದರ ಮೇಲೆ ಸಾಲಾಗಿ ಅವಳು ಬೆರೆಸಿದ ನೀಲಿಗಳು.

"ಗ್ವಾಡಿಗೆ ಹಿಡಿದು ನೋಡು. ಯಾವುದು ಕೂಡ್ತದೋ ಅದರ ಹಿಂದೆ ಒಂದು ಗೀಟು ಹಾಕ್ಕೊಂಡು ಬಾ."

ಮಟಮಟ ಮಧ್ಯಾಹ್ನ, ಕಾವಲುಗಾರ ಅನುಮಾನದಿಂದ ನೋಡುತ್ತಿರುವಾಗ, ಬಿಲ್ಲೆಗಳ ಹತ್ತಿರ ಪಟ್ಟಿ ಹಿಡಿದು ನಿಂತೆ. ಒಂದು ನೀಲಿ ಕೂಡಿತು. ಹಿಂದೆ ಗೀಟು ಹಾಕಿದೆ.

ವಾಪಸ್ಸು ಬಂದವಳೇ ಹರಿಹರಕ್ಕೆ ಹೋದೆ. ಶೈಲಾ ರೊಟ್ಟಿ ಬಡಿಯುತ್ತಿದ್ದವಳು ಕೈ ತೊಳೆದು ಬಂದಳು. ಉಗುರಲ್ಲಿ ನೀಲಿ ಇರಲಿಲ್ಲ.

"ಕೂಡ್ತಾ?"

"ಒಂದು ಕೂಡ್ತು."

ಹೊಸ್ತಿಲಾಚೆ ಮೆಟ್ಟಿಲ ಮೇಲೆ ಕೂತಳು. ನಾನು ಚಾಚಿದ ಪಟ್ಟಿಯನ್ನು ತಿರುಗಿಸಿ ನೋಡಲೇ ಇಲ್ಲ. "ಯಾವುದು ಅಂತ ಹೇಳಬ್ಯಾಡ. ಗೊತ್ತಾಗಿಬಿಟ್ರೆ ನಾ ಹೋಗೋಕೆ ಇನ್ನೇನು ಉಳೀತೈತೆ? ನಿನ್ನ ಹತ್ರಾನೇ ಇರ್ಲಿ, ನಾ ಬಂದು ಹಿಡಿದು ನೋಡ್ತೀನಿ."

ಆಮೇಲೆ ಎಷ್ಟೋ ಸಲ ಕರೆದೆ. ಒಮ್ಮೆ ಅತ್ತೆಯ ಮೊಣಕಾಲು, ಒಮ್ಮೆ ಮಗುವಿನ ಜ್ವರ. ಕರೆದು ಕರೆದು ನನಗೂ ಸಾಕಾಗಿದೆ.

ಮರೆಯಬಾರದೆಂದು ಆ ಪಟ್ಟಿಯನ್ನು ದಾವಣಗೆರೆಯ ವಿನೋಬನಗರದ ನಮ್ಮ ಮನೆಯ ಕಿಟಕಿಯ ಪಕ್ಕ ಅಂಟಿಸಿದ್ದೆ. ಬಿಸಿಲಿಗೆ ಎಲ್ಲ ನೀಲಿಗಳೂ ಬಿಳಿಚಿಕೊಂಡು ಒಂದೇ ಆಗಿವೆ. ಹೋದ ವಾರ ಶೈಲಾ ಫೋನಿನಲ್ಲಿ, "ನನ್ನ ಪಟ್ಟಿ ಐತಾ?" ಎಂದಳು.

"ಐತೆ" ಎಂದೆ.

ಬಣ್ಣ ಹೇಗಿದೆ ಎಂದು ಅವಳು ಕೇಳಲಿಲ್ಲ.