ಬೀರು ಭಾವನ ಪಿಕಪ್ಪಿಗೆ ಬಿದ್ದ ಬಿರುಕು

ತಗಡು ಕೆಲಸದವರ ಹಣೆಬರಹ ಏನೆಂದರೆ, ಕೆಲಸ ಕೆಟ್ಟಾಗ ಮಾತ್ರ ಅದನ್ನು ಮಾಡಿದವನು ಯಾರು ಎಂದು ಜನ ಕೇಳುತ್ತಾರೆ. ನೆಟ್ಟಗೆ ಮಾಡಿದರೆ ಅಲ್ಲಿ ಕೆಲಸ ನಡೆದದ್ದೇ ಕಾಣುವುದಿಲ್ಲ. ಹಾಗಾಗಿ ನಮ್ಮ ತಗಡಣ್ಣ ಮೂವತ್ತು ವರ್ಷ ಗಾಡಿಗಳ ಮೈ ಸರಿಮಾಡಿಯೂ ಒಂದು ಹೊಗಳಿಕೆ ಕಂಡವನಲ್ಲ. ನೆಗ್ಗಿದ ಬಾಗಿಲನ್ನು ವಾರವಿಡೀ ಒಳಗಿನಿಂದ ಬಡಿದು ಎಬ್ಬಿಸುವವನು ಇವನು. ಕೊನೆಯ ದಿನ ಮೂಗಿಗೆ ಬಟ್ಟೆ ಕಟ್ಟಿಕೊಂಡು ಬಂದು ಬಣ್ಣ ಹೊಡೆದು ಹೋಗುವವನು ಪಕ್ಕದ ಶೆಡ್ಡಿನ ಪೇಂಟರು. ಗಾಡಿಯವರು ಮೈ ಸವರಿ ನೋಡಿ "ಏನ್ ಫಿನಿಶಿಂಗ್ ಗುರೂ!" ಎನ್ನುವುದು ಪೇಂಟರಿಗೆ. ತಗಡಣ್ಣನಿಗೆ ಹೇಳುವುದು, "ಆ ಸದ್ದು ಸ್ವಲ್ಪ ನಿಲ್ಸಪ್ಪಾ, ಫೋನಲ್ಲಿದೀನಿ" ಎಂದು.

ಹೊರಗಿನವರದು ಹೋಗಲಿ, ಅವನಿಗೆ ಅಭ್ಯಾಸವಾಗಿತ್ತು. ಅರಗದೆ ಉಳಿದದ್ದು ಹೆಂಡತಿಯ ಅಣ್ಣನದು. ಅವನು ಕಬ್ಬಿಣದ ಬೀರುಗಳ ಅಂಗಡಿ ಇಟ್ಟ ಭಾರೀ ಕುಳ. ಮನೆಯವರೆಲ್ಲ ಬೆನ್ನ ಹಿಂದೆ ಬೀರು ಭಾವ ಎನ್ನುತ್ತಿದ್ದರು. ಬ್ಯಾಂಕಿನಲ್ಲಿರುವ ದೊಡ್ಡ ತಂಗಿಯ ಗಂಡನಿಗೆ ಅವನ ಬಾಯಲ್ಲಿ 'ನೀವು, ಬನ್ನಿ, ಕೂತ್ಕೊಳಿ'. ತಗಡಣ್ಣನಿಗೆ 'ಏನೋ, ಬಂದ್ಯಾ'. ನೆಂಟರ ನಡುವೆ ಪರಿಚಯ ಮಾಡಿಸುವಾಗ, "ಇವ್ನು... ಚಿಕ್ಕ ತಂಗಿ ಗಂಡ. ಏನೋ ಬಡೀತಿರ್ತಾನೆ" ಎಂದು ಮುಂದಿನವರ ಕಡೆ ತಿರುಗಿಬಿಡುತ್ತಿದ್ದ. ಹಿತ್ತಲ ಗಿಡ ಮದ್ದಲ್ಲ ಎಂಬುದು ಸರಿಯೇ, ಆದರೆ ಈ ಗಿಡಕ್ಕೆ ಇಪ್ಪತ್ತೆರಡು ವರ್ಷದಿಂದ ಒಂದೇ ಆಸೆ. ನಾಲ್ಕು ಜನರ ಎದುರು ಒಂದು ಸಲ, ಒಂದೇ ಒಂದು ಸಲ, ಆ ಬಾಯಿಂದ "ಇದನ್ನ ಮಾಡಿದ್ದು ನನ್ನ ತಂಗಿ ಗಂಡ" ಎಂಬ ಮಾತು ಬರಬೇಕು.

ಆ ಬೀರು ಭಾವನ ಪಿಕಪ್ಪಿಗೇ ಬಿರುಕು ಬಿತ್ತು. ಒಂದು ಸಲಕ್ಕೆ ಎರಡು ಬೀರು ಸಾಗಿಸುವ ಗಾಡಿಗೆ ಐದು ಹೇರಿದರೆ ಇನ್ನೇನಾಗುತ್ತದೆ? ಬ್ರೇಕ್ ಹಾಕಿದಾಗಲೆಲ್ಲ ಬೀರುಗಳು ಮುಂದೆ ಜಾರಿ ಕ್ಯಾಬಿನ್ನಿನ ಬೆನ್ನಿಗೆ ಗುದ್ದಿ ಗುದ್ದಿ, ಹಿಂದಿನ ಗಾಜಿನ ಮೂಲೆಯಲ್ಲಿ ತಗಡು ಬೆರಳುದ್ದ ಸೀಳಿತು. ಭಾವ ಅದರ ಮೇಲೆ ಗಿಳಿಯ ಸ್ಟಿಕ್ಕರ್ ಅಂಟಿಸಿದ. ಬಿರುಕು ಗಿಳಿಯ ಬಾಲ ದಾಟಿತು. ಹದ್ದು ಅಂಟಿಸಿದ. ಹದ್ದಿನ ರೆಕ್ಕೆಯೂ ಸಾಲದಾದಾಗ ಸಿಂಹ ಬಂತು. ಆನೆಯನ್ನು ಹುಡುಕುತ್ತಿದ್ದಾಗ, ತಿರುವಿನಲ್ಲಿ ತಗಡು ಬಾಯಿಬಿಟ್ಟು, ಸಿಂಹ ಎರಡು ಹೋಳಾಗಿ, ಒಳಗೆ ಕೂತಿದ್ದ ಭಾವನ ಬೆನ್ನಿಗೆ ಗಾಳಿ ಬೀಸತೊಡಗಿತು. ಆಗ ತಂಗಿಯ ಗಂಡ ನೆನಪಾದ.

"ಮೇಲೆ ಒಂಚೂರು ಪುಟ್ಟಿ ಮೆತ್ತಿ, ಬಣ್ಣ ಹೊಡ್ಸಿ ಕೊಡು. ಮಾರ್‍ಬಿಡ್ತೀನಿ" ಎಂದ ಭಾವ.

ತಗಡಣ್ಣ ಬಿರುಕಿನ ತುದಿ ಹುಡುಕಿ ಅಲ್ಲೊಂದು ಸಣ್ಣ ತೂತು ಕೊರೆದ.

"ಏಯ್! ಸೀಳಿದ್ದನ್ನ ಮುಚ್ಚು ಅಂದ್ರೆ ತೂತು ಮಾಡ್ತೀಯಲ್ಲೋ!"

"ತುದೀಲಿ ತೂತು ಮಾಡಿದ್ರೇನೇ ಬಿರುಕು ನಿಲ್ಲೋದು ಭಾವ. ಇಲ್ದಿದ್ರೆ ಬೆಸುಗೆ ಪಕ್ಕದಲ್ಲೇ ಮತ್ತೆ ಓಡುತ್ತೆ."

"ನಂಗೇ ಪಾಠ ಹೇಳ್ಬೇಡ. ಕಬ್ಬಿಣದಲ್ಲೇ ಹುಟ್ಟಿ ಬೆಳ್ದೋನು ನಾನು" ಎಂದು ಭಾವ ಹೊರಟುಹೋದ. ಕಬ್ಬಿಣದ ಬೀರು ಮಾರುವವನಿಗೆ ಕಬ್ಬಿಣದ ಬಗ್ಗೆ ಗೊತ್ತಿದ್ದದ್ದು ಅದರ ಬೆಲೆ ಒಂದೇ.

ಪುಟ್ಟಿ ಮೆತ್ತಿದ್ದರೆ ಅರ್ಧ ದಿನದ ಕೆಲಸ. ತಗಡಣ್ಣ ಹದಿನೆಂಟು ದಿನ ತೆಗೆದುಕೊಂಡ. ಬಿರುಕಿನ ಎರಡೂ ಅಂಚು ಕೂಡಿಸಿ, ತಗಡು ಕಾದು ಸೊಟ್ಟಗಾಗದಂತೆ ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ ಬೆಸೆದ. ಆರಲು ಬಿಟ್ಟ, ಮತ್ತೆ ಬೆಸೆದ. ಒಳಗಡೆ ಒಂದು ಪಟ್ಟಿ ಕೊಟ್ಟು ಬಿಗಿಮಾಡಿದ. ಹೊರಗಡೆ ಅರದಿಂದ ಉಜ್ಜಿ, ಕಣ್ಣು ಮುಚ್ಚಿ ಅಂಗೈ ಸವರಿ, ಉಬ್ಬು ಸಿಕ್ಕಲ್ಲಿ ಮತ್ತೆ ಬಡಿದ. ಹೆಂಡತಿ ಕಾಫಿ ತಂದಿಟ್ಟು, "ನನ್ನ ಕೆನ್ನೆ ಮೇಲೂ ಇಷ್ಟು ಪ್ರೀತಿಯಿಂದ ಕೈ ಆಡ್ಸಿಲ್ಲ ನೀವು" ಎಂದು ಹೇಳಿ ಹೋದಳು. ಕೊನೆಗೆ ಪೇಂಟರು ಬಣ್ಣ ಹೊಡೆದ ಮೇಲೆ, ಬಿರುಕು ಎಲ್ಲಿತ್ತೆಂದು ತಗಡಣ್ಣನೇ ಒಂದು ಗಳಿಗೆ ಹುಡುಕಬೇಕಾಯಿತು. ಅವನ ಜನ್ಮದಲ್ಲೇ ಅಂಥ ಕೆಲಸ ಆಗಿರಲಿಲ್ಲ.

ಗಾಡಿ ನೋಡಲು ಮನೆ ಪಕ್ಕದ ತಗಡಣ್ಣನ ಶೆಡ್ಡಿಗೇ ಬಂದವಳು ಹೂಗಿಡಗಳ ನರ್ಸರಿ ನಡೆಸುವ ಹೆಂಗಸು. ಒಂದು ಸಲ ಮೋಸಹೋಗಿ ಬುದ್ಧಿ ಕಲಿತವಳು. ಅವಳು ಕೊಂಡಿದ್ದ ಹಳೆಯ ಗಾಡಿಯ ಬಾಗಿಲು ತಿಂಗಳೊಳಗೆ ಪುಟ್ಟಿ ಪುಟ್ಟಿಯಾಗಿ ಉದುರಿತ್ತಂತೆ. ಆ ದಿನ ಬೆಳಿಗ್ಗೆಯೇ ಹೆಂಡತಿ ತಗಡಣ್ಣನಿಗೆ ತಾಕೀತು ಮಾಡಿದ್ದಳು. "ಅಣ್ಣ ಏನಂದ್ರೂ ಹೂಂ ಅನ್ನಿ. ನಿಮ್ಮ ಗಂಟೇನೂ ಹೋಗಲ್ಲ."

ನರ್ಸರಿಯಮ್ಮ ಕರವಸ್ತ್ರದಿಂದ ಒಂದು ಅಯಸ್ಕಾಂತ ತೆಗೆದಳು. ಪುಟ್ಟಿ ಇದ್ದಲ್ಲಿ ಅದು ಹಿಡಿಯದೆ ಜಾರುತ್ತದೆ. ಗಾಜಿನ ಮೂಲೆಯಿಂದ ಕೆಳಗಿನವರೆಗೆ ಇಂಚಿಂಚಾಗಿ ಇಟ್ಟು ನೋಡಿದಳು. ಇಟ್ಟಲ್ಲೆಲ್ಲ ಟಕ್ ಟಕ್ ಎಂದು ಕಚ್ಚಿಕೊಂಡಿತು.

"ಕಂಪನಿ ತಗಡು ಕಣಮ್ಮಾ!" ಎಂದು ಭಾವ ಎದೆ ಉಬ್ಬಿಸಿದ. "ಸುತ್ತಿಗೆ ಅನ್ನೋದು ಇದರ ಹತ್ರಾನೂ ಸುಳಿದಿಲ್ಲ. ಬೇಕಾದ್ರೆ ಇಲ್ಲೇ ತಗಡು ಕೆಲಸದೋನು ನಿಂತಿದಾನೆ, ಕೇಳಿ."

ನನ್ನ ತಂಗಿ ಗಂಡ ಎನ್ನಲಿಲ್ಲ. ತಗಡು ಕೆಲಸದೋನು. ತಗಡಣ್ಣ ಅದನ್ನೂ ನುಂಗಿಕೊಂಡ.

"ಹೌದೇನಣ್ಣಾ? ಇದಕ್ಕೆ ಯಾರೂ ಕೈ ಹಾಕಿಲ್ವಾ?" ಎಂದು ಅವಳು ಕೇಳಿದಳು.

"ಹೂಂ" ಎಂದ ತಗಡಣ್ಣ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅವಳು ತಗಡನ್ನು ಇನ್ನೊಮ್ಮೆ ಸವರಿ, ಮೆಚ್ಚಿ, "ಏನೇ ಅನ್ನಿ, ಕಂಪನಿಯೋರ ಕೆಲಸಾನೇ ಕೆಲಸ. ನಮ್ಮೋರ ಕೈಲಿ ಇಂಥದ್ದು ಎಲ್ಲಾಗುತ್ತೆ" ಎಂದುಬಿಟ್ಟಳು.

ಇಲ್ಲಿಂದ ಮುಂದೆ ತಗಡಣ್ಣ ಸತ್ಯಕ್ಕಾಗಿ ಬಾಯಿಬಿಟ್ಟ ಎಂದು ಯಾರಾದರೂ ತಿಳಿದರೆ ಅದು ತಪ್ಪು. ಸತ್ಯಕ್ಕೂ ಅವನಿಗೂ ಅಂಥ ಹತ್ತಿರದ ನೆಂಟಸ್ತಿಕೆಯೇನಿರಲಿಲ್ಲ. ಹದಿನೆಂಟು ದಿನದ ಕೆಲಸ ಕಣ್ಣೆದುರೇ ಇನ್ನೊಬ್ಬರ ಪಾಲಾಗುವುದನ್ನು ಅವನಿಂದ ನೋಡಲಾಗಲಿಲ್ಲ, ಅಷ್ಟೆ.

"ಕಂಪನಿಯೋರಾ?" ಎಂದು ಗುಡುಗಿದ. "ಕಂಪನಿಯೋರ ತಗಡು ಮಾರುದ್ದ ಸೀಳಿತ್ತಮ್ಮಾ! ಬನ್ನಿ ಇಲ್ಲಿ!"

ಭಾವ ಕಣ್ಣು ಮಿಟುಕಿಸಿದ, ಕಾಲು ತುಳಿದ, ಕೆಮ್ಮಿದ. ತಗಡಣ್ಣ ಆಗಲೇ ಕ್ಯಾಬಿನ್ನಿನೊಳಗೆ ಹೊಕ್ಕು, ಸೀಟು ಮುಂದೆ ಎಳೆದು, ಹಿಂದಿನ ಹೊದಿಕೆಯ ಸ್ಕ್ರೂ ಬಿಚ್ಚಿ ಎಸೆದಿದ್ದ. ಒಳಮೈಯಲ್ಲಿ ಬೆಸುಗೆಯ ಚುಕ್ಕೆಗಳು ಸಾಲಾಗಿದ್ದವು, ಬಿಗಿಮಾಡಿದ ಪಟ್ಟಿ ಇತ್ತು, ತುದಿಯಲ್ಲಿ ಕೊರೆದು ತುಂಬಿದ ತೂತಿನ ಗುರುತಿತ್ತು. ಒಂದೊಂದರ ಮೇಲೂ ಅವಳ ಬೆರಳು ಇಡಿಸಿ ಕಥೆ ಹೇಳಿದ. ಅವಳು ಒಳಗೊಂದು ಕೈ, ಹೊರಗೊಂದು ಕೈ ಇಟ್ಟು ನೋಡಿ ಬೆರಗಾದಳು.

ಆಮೇಲೆ ಭಾವನ ಕಡೆ ತಿರುಗಿ, "ಗಾಡಿ ಮೇಲೆ ನಂಬಿಕೆ ಬಂತು ಸ್ವಾಮಿ. ನಿಮ್ಮ ಮೇಲಿದ್ದದ್ದು ಹೋಯ್ತು. ಇಷ್ಟು ದೊಡ್ಡದು ಮುಚ್ಚಿಟ್ಟೋರು ಇಂಜಿನ್ನಲ್ಲಿ ಇನ್ನೇನು ಮುಚ್ಚಿಟ್ಟಿದೀರೋ" ಎಂದು ಅಯಸ್ಕಾಂತ ಸುತ್ತಿಕೊಂಡು ಹೊರಟೇಬಿಟ್ಟಳು.

ಭಾವನ ಮುಖ ಕೆಂಪಾಗಿ, ಕಪ್ಪಾಗಿ, ಮತ್ತೆ ಕೆಂಪಾಯಿತು. ಬೀದಿಗೆ ಬಂದು ನಿಂತು ಎರಡೂ ಕೈ ಎತ್ತಿದ. "ಬನ್ರಪ್ಪಾ, ಎಲ್ರೂ ಬನ್ನಿ! ನೋಡಿ ಈ ಮಹಾನುಭಾವನ್ನ! ಸೀಳಿದ ಗಾಡೀನ ಹೊಸದು ಮಾಡಿಟ್ಟ! ಅಯಸ್ಕಾಂತಕ್ಕೇ ಗೊತ್ತಾಗ್ದಂಗೆ ಮಾಡಿಟ್ಟ! ಇದನ್ನ ಮಾಡಿದ್ದು ಬೇರೆ ಯಾರೂ ಅಲ್ಲ, ನನ್ನ ತಂಗಿ ಗಂಡ! ಕೇಳ್ರಪ್ಪಾ, ನನ್ನ ಸ್ವಂತ ತಂಗಿ ಗಂಡ!"

ಟೈರ್ ಅಂಗಡಿಯವನು ಹೊರಬಂದ. ಹಿಟ್ಟಿನ ಗಿರಣಿಯವನು ಯಂತ್ರ ನಿಲ್ಲಿಸಿ ಬಂದ. ಪೇಂಟರು ಮೂಗಿನ ಬಟ್ಟೆ ಕೆಳಗಿಳಿಸಿ ನಿಂತ. ಮನೆ ಬಾಗಿಲಲ್ಲಿ ಹೆಂಡತಿ ತಲೆ ಮೇಲೆ ಕೈ ಹೊತ್ತಿದ್ದಳು. ತಗಡಣ್ಣನ ಕಣ್ಣು ತುಂಬಿ ಬಂತು. ಮಸಿ ಮೆತ್ತಿದ ತೋಳಿನಿಂದ ಒರೆಸಿಕೊಂಡು, ಸುತ್ತ ಒಮ್ಮೆ ನೋಡಿ, ಮೆಲ್ಲಗೆ ಹೇಳಿದ.

"ಆ ತುದಿ ಅಂಗಡಿಯೋರಿಗೆ ಕೇಳಿಸ್ಲಿಲ್ಲ ಅನ್ಸುತ್ತೆ ಭಾವ. ಇನ್ನೊಂದ್ಸಲ ಹೇಳಿ."